ಮಗಳ ತಪಾಸಣೆ, ಅಮ್ಮನ ಪರೀಕ್ಷೆ

ಮಗಳನ್ನು ತೂಗಿಸಲು ಕರೆದುಕೊಂಡು ಹೋದಾಗಲೆಲ್ಲ ತಕ್ಕಡಿಯಲ್ಲಿ ಕೂತು ಎದ್ದು ಬಂದವಳು ನಾನೇ. ಜಪಾನಿನ ಫುನಾಬೊರಿಗೆ ಬಂದು ಐದು ವರ್ಷವಾಯಿತು, ಮಗಳು ಹುಟ್ಟಿದ್ದೂ ಇಲ್ಲೇ. ಬಸುರಿ ಎಂದು ಗೊತ್ತಾದ ಕೂಡಲೇ ಇಲ್ಲಿ ತಾಯಿ-ಮಗುವಿನದೊಂದು ಪುಸ್ತಕ ಕೊಡುತ್ತಾರೆ. ಮಗುವಿನ ತೂಕ, ಎತ್ತರ, ಹಲ್ಲು, ಲಸಿಕೆ ಎಲ್ಲ ಅದರಲ್ಲಿ ಬರೆಸಬೇಕು. ಆಗಾಗ ಆರೋಗ್ಯ ಕೇಂದ್ರದಿಂದ ಕಾಗದ ಬರುತ್ತೆ, ಮಗುವನ್ನು ಕರೆದುಕೊಂಡು ಬನ್ನಿ ಅಂತ. ಕಾಗದ ಬಂದ ದಿನವೇ ನನಗೆ ಗೊತ್ತಾಗುತ್ತೆ, ಈ ಸಲವೂ ಏನೋ ಒಂದು ಆಗುತ್ತೆ ಅಂತ. ಆಗಿಯೇ ಆಗುತ್ತೆ.

ಗೆರೆಯೊಳಗಿನ ಮಗು

ನಾಲ್ಕು ತಿಂಗಳ ತಪಾಸಣೆ. ಸುತ್ತ ಮಲಗಿದ್ದ ಮಕ್ಕಳೆಲ್ಲ ಆಗತಾನೇ ಹಬೆಯಿಂದ ತೆಗೆದ ಕಡುಬಿನ ಹಾಗೆ ದುಂಡದುಂಡಗೆ. ನನ್ನವಳು ನುಗ್ಗೇಕಾಯಿ. ನರ್ಸ್ ಪುಸ್ತಕದ ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟು, "ಸ್ವಲ್ಪ ಕೆಳಗಿದೆ, ಆದರೂ ಗೆರೆಯೊಳಗೇ ಇದೆ. ಅವಳ ಪಾಡಿಗೆ ಅವಳು ಬೆಳೀತಿದ್ದಾಳೆ, ಯೋಚನೆ ಬೇಡ" ಅಂದರು. ಎಷ್ಟು ದಿನದಿಂದ ಹೆದರಿಕೊಂಡಿದ್ದೆನೋ, ಅಲ್ಲೇ ಅತ್ತುಬಿಟ್ಟೆ.

ಸಂಜೆ ಮೈಸೂರಿನಿಂದ ಅತ್ತೆಯ ವಿಡಿಯೊ ಕಾಲ್.

"ತೂಕ ಗೆರೆಯೊಳಗೇ ಇದೆಯಂತೆ ಅತ್ತೆ."

"ಗೆರೆ ತಿಂದ್ರೆ ಮಗು ಬೆಳೆಯುತ್ತೇನಮ್ಮಾ?"

"ಹಾಲು ಚೆನ್ನಾಗಿ ಕುಡೀತಾಳೆ, ನರ್ಸೂ ಅದನ್ನೇ..."

"ಫೋನ್ ಸ್ವಲ್ಪ ದೂರ ಹಿಡಿ, ನಿನ್ನನ್ನೂ ನೋಡೋಣ."

ಹೆರಿಗೆಯಾದ ಮೇಲೆ ಯಾರಾದರೂ ನನ್ನನ್ನು ನೋಡಬೇಕು ಅಂದದ್ದು ಅದೇ ಮೊದಲು. ಖುಷಿಯಿಂದ ತೋಳು ಚಾಚಿ ಹಿಡಿದೆ. ಅತ್ತೆ ಮೇಲಿಂದ ಕೆಳಗಿನ ತನಕ ನೋಡಿ, "ಸರಿ ಬಿಡು, ಮಗು ಮೈಗೆ ಹೋಗಬೇಕಾದ್ದು ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಾಯ್ತು" ಅಂದರು.

ಹೆಬ್ಬೆರಳು

ಲಸಿಕೆಗೆ ಹೋದ ದಿನ ಮಗಳ ತೋಳಿಗೆ ಬ್ಯಾಂಡೇಜ್ ಅಂಟಿಸಿದ್ದನ್ನು ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ಅವರು ಆಫೀಸಿನಲ್ಲಿ ಕೂತೇ ಅದನ್ನು ಮನೆಯವರ ಗ್ರೂಪಿಗೆ ಹಾಕಿದರು: "ಇವತ್ತು ಮಗಳಿಗೆ ಇಂಜೆಕ್ಷನ್ ಹಾಕಿಸಿದ್ವಿ." ಕೂಡಲೇ ಚಿಕ್ಕಪ್ಪ, ದೊಡ್ಡಮ್ಮ, ಅತ್ತಿಗೆ ಎಲ್ಲರೂ ಇವರನ್ನು ಹೊಗಳಿದ್ದೇ ಹೊಗಳಿದ್ದು. ಅಷ್ಟೊಂದು ಕೆಲಸ ಇದ್ದರೂ ಮಗೂನ ಕರ್ಕೊಂಡು ಹೋಗಿದೀಯಲ್ಲಪ್ಪಾ, ನಿನ್ನಂಥ ಅಪ್ಪ ಸಿಗಬೇಕು ಅಂತ. ಆ ಫೋಟೊದಲ್ಲಿ ನಾನಿದ್ದದ್ದು, ಮಗುವಿನ ತೋಳು ಹಿಡಿದ ಹೆಬ್ಬೆರಳು ಮಾತ್ರ. ನನ್ನನ್ನು ಗಮನಿಸಿದವರು ಅತ್ತೆ ಒಬ್ಬರೇ. "ಉಗುರು ಕತ್ತರಿಸ್ಕೋ ಅನ್ನು ಅವಳಿಗೆ" ಅಂತ ಬರೆದಿದ್ದರು.

ಫಾರಂ ತುಂಬಿದ ಅಪ್ಪ

ಒಂದೂವರೆ ವರ್ಷದ ತಪಾಸಣೆಗೆ ಮನೆಯಲ್ಲೇ ಉದ್ದನೆಯ ಪ್ರಶ್ನೆಪತ್ರ ತುಂಬಿಕೊಂಡು ಹೋಗಬೇಕು. ನನಗೆ ಜಪಾನಿ ಅಕ್ಷರ ಅಷ್ಟಕ್ಕಷ್ಟೆ. ಗಂಡ ಪರೀಕ್ಷೆ ಕಟ್ಟಿ ಪಾಸಾದವರು. ಭಾನುವಾರ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಗಂಭೀರವಾಗಿ ಸೋಫಾದಲ್ಲಿ ಕೂತರು. ನಾನು ದೋಸೆ ಹುಯ್ಯುತ್ತಿದ್ದೆ.

"ಹಲ್ಲು ಎಷ್ಟು ಕಣೇ?"

"ಹನ್ನೆರಡು."

"ಎಷ್ಟು ಗಂಟೆಗೆ ಮಲಗ್ತಾಳೆ?"

"ಒಂಬತ್ತಕ್ಕೆ."

"ಒಬ್ಬಳೇ ನಡೀತಾಳಾ?"

ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಮಗಳು ಅವರ ಕಣ್ಣೆದುರಿಗೇ ಟಿವಿ ಕಡೆಗೆ ನಡೆದುಕೊಂಡು ಹೋಗುತ್ತಿದ್ದಳು.

"ತಂದೆ ಮಗುವಿನ ಪಾಲನೆಯಲ್ಲಿ ಕೈಜೋಡಿಸುತ್ತಾರೆಯೇ" ಅಂತ ಮುಂದಿನದನ್ನು ಓದಿ, "ಹೌದು" ಎಂಬುದಕ್ಕೆ ಸುತ್ತು ಹಾಕಿದರು.

"ಯಾವಾಗ ರೀ?"

"ಮತ್ತೆ ಇದನ್ನ ತುಂಬ್ತಾ ಇರೋದು ಯಾರು?"

ಕೇಂದ್ರದಲ್ಲಿ ನರ್ಸ್ ಫಾರಂ ತಿರುವಿ ನೋಡಿ, "ಎಷ್ಟು ಸಂತೋಷ! ಕೊನೆಯ ಪ್ರಶ್ನೆಗೆ ಇಂಥ ಉತ್ತರ ಬರೋದು ಅಪರೂಪ" ಅಂದರು. ತಾಯಿಗೆ ದಣಿವು, ಬೇಸರ ಏನಾದರೂ ಇದೆಯೇ ಎಂಬ ಪ್ರಶ್ನೆ. "ಏನೂ ಇಲ್ಲ" ಎಂಬುದಕ್ಕೆ ದಪ್ಪಗೆ ಸುತ್ತು ಬಿದ್ದಿತ್ತು. ಇಡೀ ಫಾರಂನಲ್ಲಿ ನನ್ನ ಬಗ್ಗೆ ಇದ್ದದ್ದು ಅದೊಂದೇ ಪ್ರಶ್ನೆ, ಅದಕ್ಕೆ ಅವರು ನನ್ನನ್ನು ಕೇಳದೆಯೇ ಉತ್ತರ ಬರೆದಿದ್ದರು.

ಮೊದಲ ವಾಕ್ಯ

ಅದೇ ದಿನ ಚಿತ್ರ ತೋರಿಸಿ ನಾಯಿ ಯಾವುದು, ಕಾರು ಯಾವುದು ಅಂತ ಕೇಳಿದರೆ ಮಗಳು ಬಾಯೂ ಬಿಡಲಿಲ್ಲ, ಬೆರಳೂ ಎತ್ತಲಿಲ್ಲ. "ಎರಡು ತುಂಬಿದ ಮೇಲೆ ಇನ್ನೊಮ್ಮೆ ಬನ್ನಿ, ನೋಡೋಣ" ಅಂದರು. ಆ ಆರು ತಿಂಗಳು ನನಗೆ ಊಟ ರುಚಿಸಲಿಲ್ಲ. ಸಲಹೆಗೇನೂ ಬರವಿರಲಿಲ್ಲ. ಗಂಡ, "ಇಂಗ್ಲಿಷಲ್ಲೇ ಮಾತಾಡು, ನಾಳೆ ಸ್ಕೂಲಿಗೆ ಅದೇ ಬೇಕು." ಅತ್ತೆ, "ಕನ್ನಡ ಬಿಟ್ಟರೆ ಮೊಮ್ಮಗಳ ಹತ್ತಿರ ನಾನೇನು ಕೈಸನ್ನೆ ಮಾಡಲಾ?" ಪಾರ್ಕಿನ ತಾಯಂದಿರು, ಜಪಾನಿಯೇ ಸರಿ. ನಾನು ಯಾವುದನ್ನು ಆಡಿದರೂ ಯಾರಾದರೊಬ್ಬರು ಮುಖ ಸಿಂಡರಿಸುತ್ತಿದ್ದರು.

ಎರಡು ತುಂಬಿತು, ಹೋದೆವು. ಸಲಹೆಗಾರ್ತಿ ಆಟಿಕೆಯ ಬುಟ್ಟಿ ತಂದಿಟ್ಟರು. ನಾಯಿ ಕೊಟ್ಟರು, ಮೌನ. ಕಾರು ಕೊಟ್ಟರು, ಮೌನ. ಕೊನೆಗೆ ಫೋನ್ ಕೊಟ್ಟರು. ಮಗಳು ಅದನ್ನು ಮುಖದೆದುರು ಹಿಡಿದು, ಅಚ್ಚ ಕನ್ನಡದಲ್ಲಿ, "ಕೇಳಿಸ್ತಾ ಇದೆಯಾ? ಕೇಳಿಸ್ತಾ ಇದೆಯಾ?" ಅಂದು ಪಕ್ಕಕ್ಕೆ ಇಟ್ಟುಬಿಟ್ಟಳು.

ಅರ್ಥ ಹೇಳಿದೆ. "ಪೂರ್ತಿ ವಾಕ್ಯ! ಇನ್ನು ಚಿಂತೆ ಬೇಡ" ಅಂದ ಸಲಹೆಗಾರ್ತಿ, ಬರೆಯುವುದನ್ನು ನಿಲ್ಲಿಸಿ ಕೇಳಿದರು, "ಆದರೆ ಉತ್ತರಕ್ಕೆ ಕಾಯಲೇ ಇಲ್ಲವಲ್ಲ?"

"ನಮ್ಮನೇಲಿ ಯಾರೂ ಕಾಯಲ್ಲ" ಅಂದೆ.

ಅಮ್ಮನ ಹೆಸರು

ಮೂರು ವರ್ಷದ ತಪಾಸಣೆಯಲ್ಲಿ ಮಗುವೇ ಉತ್ತರ ಹೇಳಬೇಕು, ತಾಯಿ ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟರಲ್ಲಿ ಮಗಳಿಗೆ ಆಟದ ಗೆಳತಿಯರಿಂದ ಜಪಾನಿ ಪಟಪಟ ಬರುತ್ತಿತ್ತು. ಹತ್ತಾರು ತಾಯಂದಿರು ಗೋಡೆಗೆ ಒರಗಿ ಕೂತಿದ್ದೆವು.

ಹೆಸರು ಕೇಳಿದರು, ಹೇಳಿದಳು. ವಯಸ್ಸು ಕೇಳಿದರು, ಮೂರು ಬೆರಳು ತೋರಿಸಿದಳು.

"ಅಪ್ಪನ ಹೆಸರೇನು?"

"ಕಾವಾಸಾಕಿ."

ಗಂಡನ ಆಫೀಸು ಇರುವುದು ಕಾವಾಸಾಕಿಯಲ್ಲಿ. ಅವಳು ಏಳುವ ಮೊದಲೇ ಹೋಗಿ, ಮಲಗಿದ ಮೇಲೆ ಬರುತ್ತಾರೆ. ಅಪ್ಪ ಎಲ್ಲಿ ಅಂದರೆ ನಾನು ದಿನಾ ಹೇಳುವುದು ಅದೊಂದೇ ಮಾತು. ಆದರೆ ಇಲ್ಲಿ ಅದು ಮನೆತನದ ಹೆಸರೂ ಹೌದು. ನರ್ಸ್ ಫಾರಂ ನೋಡಿದರು, ಅಲ್ಲಿ ಬೇರೆ ಹೆಸರಿತ್ತು. ಬಹಳ ಮರ್ಯಾದೆಯಿಂದ ದನಿ ತಗ್ಗಿಸಿ, "ಕಾವಾಸಾಕಿ-ಸಾನ್ ನಿಮ್ಮ ಜೊತೆಯಲ್ಲೇ ಇರ್ತಾರಾ?" ಅಂದರು.

"ಭಾನುವಾರ ಮಾತ್ರ" ಅಂದುಬಿಟ್ಟೆ.

ಅದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ನರ್ಸ್ ಸುಧಾರಿಸಿಕೊಂಡು ಮುಂದಿನ ಪ್ರಶ್ನೆ ಕೇಳಿದರು.

"ಅಮ್ಮನ ಹೆಸರು?"

ಮಗಳು ನನ್ನನ್ನೊಮ್ಮೆ ನೋಡಿ, ಎಳ್ಳಷ್ಟೂ ಸಂಶಯವಿಲ್ಲದೆ, "ಸುಮಿಮಾಸೆನ್" ಅಂದಳು.

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಲಿಫ್ಟಿನಲ್ಲಿ ಕಾಯಿಸಿದ್ದಕ್ಕೆ ಕ್ಷಮಿಸಿ, ಬಸ್ಸಿನಲ್ಲಿ ಮಗು ಅತ್ತದ್ದಕ್ಕೆ ಕ್ಷಮಿಸಿ, ಅವಳು ಕುಣಿದದ್ದಕ್ಕೆ ಕೆಳಮನೆಯವರೇ ಕ್ಷಮಿಸಿ. ಬೆಳಗಾದರೆ ನನ್ನ ಬಾಯಲ್ಲಿ ಅದೇ ಸುಮಿಮಾಸೆನ್. ಹೆಸರು ಹಿಡಿದು ಕರೆಯುವವರಾದರೂ ಇಲ್ಲಿ ಯಾರಿದ್ದಾರೆ? ಪುಸ್ತಕದಲ್ಲಿ "ಮಾತು, ತಿಳಿವಳಿಕೆ ಎರಡೂ ಚೆನ್ನಾಗಿವೆ" ಎಂದು ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಹಟ ಹಿಡಿದು ಕಲಿಸಿದೆ. "ನನ್ನ ಹೆಸರು ವಸುಧಾ. ಹೇಳು." ಹೇಳಿದಳು. ಇನ್ನೊಮ್ಮೆ ಹೇಳಿಸಿದೆ. ಮೂರನೇ ಸಲ ಅವಳ ಬಾಯಲ್ಲಿ ನನ್ನ ಹೆಸರು ಎಷ್ಟು ಚೆನ್ನಾಗಿ ಬಂತೆಂದರೆ ನಾಲ್ಕನೇ ಸಲವೂ ಹೇಳಿಸಿದೆ. ಅಷ್ಟರಲ್ಲಿ ನಮ್ಮ ಸ್ಟಾಪ್. ಗಡಬಡಿಸಿ ಎದ್ದೆ, ಬ್ಯಾಗು ಹೋಗಿ ಎದುರು ಸೀಟಿನ ತಾತನ ಮೊಣಕಾಲಿಗೆ ಬಡಿಯಿತು.

"ಸುಮಿಮಾಸೆನ್!" ಅಂದೆ.

ಮಗಳು ತಾತನಿಗೆ ನನ್ನತ್ತ ಬೆರಳು ತೋರಿಸಿ, "ಅದು ನಮ್ಮಮ್ಮನ ಹೆಸರು" ಅಂತ ಜಪಾನಿಯಲ್ಲಿ ಪರಿಚಯ ಮಾಡಿಕೊಟ್ಟಳು. ತಾತ ಕೂತಲ್ಲೇ ಸೊಂಟ ಬಗ್ಗಿಸಿ ನಮಸ್ಕರಿಸಿ, ತಮ್ಮ ಹೆಸರನ್ನೂ ಹೇಳಿದರು.