ಎಂಜಿನ್ ನಿಂತಾಗ ಉರಿಯತಕ್ಕ ದೀಪ

ಪೋರ್ಟ್ ಟ್ರೆಮೇನ್ ಸಣ್ಣ ಎಂಜಿನ್ ಗೋ-ಕಾರ್ಟ್ ಸಂಘದ ವ್ಯಾಪ್ತಿಯಲ್ಲಿ, ಕಳೆದ ಏಪ್ರಿಲ್ ಒಂದರಿಂದ ಜಾರಿಗೆ ಬರುವಂತೆ, ದೀಪವಿಲ್ಲದ ಯಾವ ಗಾಡಿಯೂ ಮುಸ್ಸಂಜೆ ಪಂದ್ಯದಲ್ಲಿ ಓಡತಕ್ಕದ್ದಲ್ಲ. ಈ ನಿಯಮವನ್ನು ಸೂಚಿಸಿದವನು ನಾನು. ಕಾರ್ಯದರ್ಶಿಯಾಗಿ ಸಹಿ ಹಾಕಿದವನು ನಾನು. ಜಾರಿಗೆ ತರಲು ನೇಮಕವಾದ ದೀಪಾಧಿಕಾರಿಯೂ ನಾನೇ. ದೀಪದ ಸಾಮಾನು ಊರಿನಲ್ಲಿ ಸಿಗುವುದು ಒಂದೇ ಅಂಗಡಿಯಲ್ಲಿ, ಅದರ ಮಾಲೀಕ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

ಉದ್ದೇಶ ಸುರಕ್ಷತೆ ಎಂದು ನಡಾವಳಿ ಪುಸ್ತಕದಲ್ಲಿದೆ. ನಿಜವಾದ ಉದ್ದೇಶ ಐವಿ ಟ್ರೆಂಗೋವ್. ಬೇಕರಿ ನಡೆಸುವ ಐವಿಗೆ ಅರವತ್ತೆಂಟು ವರ್ಷ. ಗೋಧಿ ಕಣಜಗಳ ಹಿಂದಿನ ಡಾಂಬರು ಅಂಗಳದಲ್ಲಿ ನಡೆಯುವ ಮುಸ್ಸಂಜೆ ಪಂದ್ಯದ ಕಪ್ಪನ್ನು ಹನ್ನೊಂದು ವರ್ಷದಿಂದ ಅವಳೇ ಗೆಲ್ಲುತ್ತಿದ್ದಾಳೆ. ಹನ್ನೊಂದು ವರ್ಷದಿಂದ ಎರಡನೆಯವನಾಗಿ ಬರುತ್ತಿರುವವನ ಹೆಸರು ಕ್ಲೆಮ್ ನ್ಯಾನ್‌ಕಿವೆಲ್, ಅಂದರೆ ನಾನು. ಹುಲ್ಲು ಕತ್ತರಿಸುವ ಯಂತ್ರ ಮಾರಿ, ರಿಪೇರಿ ಮಾಡಿ ಬದುಕುವ ಮನುಷ್ಯ ಪ್ಯಾಸ್ಟಿ ಎಂಬ ಮಾಂಸದ ಕಡುಬು ಬೇಯಿಸುವವಳ ಹಿಂದೆ ಬೀಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ. ಜನ ಕಾರ್ಬ್ಯುರೇಟರ್ ವಿಚಾರ ಬೇಕರಿಯಲ್ಲಿ ಕೇಳಿಕೊಂಡು, ನನ್ನ ಅಂಗಡಿಗೆ ಬರೀ ಸ್ಕ್ರೂ ಕೊಳ್ಳಲು ಬರುತ್ತಿದ್ದರು.

ಐವಿಯ ಎಂಜಿನ್ ಅವಳಪ್ಪನ ಕಾಲದ್ದು. ದೀಪ ಉರಿಸುವ ಏರ್ಪಾಡಿಗೆ ಅದರಲ್ಲಿ ಜಾಗವಿಲ್ಲ ಎಂಬುದು ನನ್ನ ಲೆಕ್ಕಾಚಾರ. ಬ್ಯಾಟರಿ ಇಡೋಣವೆಂದರೆ ಮೂರನೇ ನಿಯಮ ಅಡ್ಡ ಬರುತ್ತದೆ; ಹಿಂದೊಮ್ಮೆ ಆಸಿಡ್ ಚೆಲ್ಲಿ ಅಧ್ಯಕ್ಷ ರೆಕ್ಸ್ ಶುಲ್ಟ್ಸ್ ಅವರ ಪ್ಯಾಂಟು ಸ್ವಾಗತ ಭಾಷಣದ ಮಧ್ಯೆಯೇ ಕರಗಿತ್ತು. ಉಳಿಯುವುದು ತಂತಿ ಸುತ್ತಿದ ಕಾಯಿಲ್ ಒಂದೇ. ಎಂಜಿನ್ನಿನ ಭಾರದ ಚಕ್ರದಲ್ಲಿ ಅಯಸ್ಕಾಂತ ಇರುತ್ತದೆ. ಚಕ್ರ ತಿರುಗಿದಾಗ ಪಕ್ಕದಲ್ಲಿ ಕೂತ ಕಾಯಿಲ್ಲಿನಲ್ಲಿ ಕರೆಂಟು ಹುಟ್ಟಿ ದೀಪ ಉರಿಯುತ್ತದೆ. ನಲವತ್ತೆಂಟು ಕಾಯಿಲ್ ತರಿಸಿದೆ.

ಮೊದಲ ಗಿರಾಕಿ ಐವಿ.

"ಒಂದು ಕಾಯಿಲ್ ಕೊಡು ಕ್ಲೆಮ್."

"ನಿನ್ನ ಎಂಜಿನ್ನಿಗೆ ಅದು ಕೂರಲ್ಲ ಐವಿ."

"ಅರ ಹಾಕಿ ಉಜ್ಜಿ ಕೂರಿಸ್ತೀನಿ. ಮಾರ್ತೀಯೋ, ಇಲ್ಲಾ ಮ್ಯೂಸಿಯಂ ಇಟ್ಟಿದೀಯೋ?"

ಕೊಡುವುದಿಲ್ಲ ಎಂಬ ಮಾತು ಮೂವತ್ತು ವರ್ಷದಲ್ಲಿ ಗಿರಾಕಿಯೆದುರು ನನ್ನ ಬಾಯಿಂದ ಬಂದಿಲ್ಲ. ಅಂದೂ ಬರಲಿಲ್ಲ. ಅರವನ್ನೂ ನಾನೇ ಮಾರಿದೆ.

ಪಂದ್ಯದ ದಿನ ಮಧ್ಯಾಹ್ನ ಪರೀಕ್ಷೆ. ಏಳನೇ ನಿಯಮ: "ಪರೀಕ್ಷಾ ಶೆಡ್ಡಿನಲ್ಲಿ ದೀಪವು ಒಂದು ನಿಮಿಷ ಕಾಲ ಕಣ್ಣಿಗೆ ಕಾಣುವಂತೆ ಉರಿಯತಕ್ಕದ್ದು." ಹನ್ನೆರಡನೇ ನಿಯಮ: "ಪರೀಕ್ಷಾ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇರತಕ್ಕದ್ದಲ್ಲ." ಬೇರೆ ಬೇರೆ ವರ್ಷ ಬರೆದದ್ದು; ಬಿಡಿಬಿಡಿಯಾಗಿ ಓದಿದರೆ ಎರಡೂ ಸೊಗಸಾಗಿವೆ. ಮೊದಲ ಗಾಡಿ ನನ್ನದು.

"ಹಚ್ಚಪ್ಪಾ ದೀಪ," ಅಂದರು ರೆಕ್ಸ್.

"ಎಂಜಿನ್ ಶುರು ಮಾಡ್ಬೇಕು."

"ಶೆಡ್ಡಲ್ಲಿ ಶುರು ಮಾಡೋ ಹಾಗಿಲ್ಲ ಮಾರಾಯಾ."

"ಶುರು ಮಾಡ್ದೆ ಉರಿಯಲ್ಲ."

"ಇದನ್ನ ಬರೆದ ಕತ್ತೆ ಯಾವುದು?" ರೆಕ್ಸ್ ಕೊನೆಯ ಪುಟ ತೆಗೆದು ಸಹಿ ನೋಡಿದರು. "ಓ," ಎಂದು ಟೋಪಿ ಸರಿಮಾಡಿಕೊಂಡರು.

ನಿಯಮ ತಿದ್ದಲು ಇಪ್ಪತ್ತೊಂದು ದಿನದ ನೋಟೀಸು ಬೇಕು. ಹೊರಗೆ ನಿಲ್ಲಿಸಿ ನೋಡೋಣವೆಂದರೆ, ಶೆಡ್ಡಿನ ಹೊರಗೆ ನಡೆದದ್ದು ಪರೀಕ್ಷೆಯಲ್ಲ, ಬರೀ ನೋಟ. ಹಾಗಾಗಿ ಇಪ್ಪತ್ತೆರಡು ಗಾಡಿಗಳು ಕ್ರಮಬದ್ಧವಾಗಿ ಫೇಲಾದವು. ನನ್ನ ಗಾಡಿಯ ನಪಾಸು ಪತ್ರವನ್ನು ನಾನೇ ಮೊದಲು ತುಂಬಿ, ನನಗೇ ಕೊಟ್ಟು, ತಲುಪಿದ್ದಕ್ಕೆ ರುಜು ತೆಗೆದುಕೊಂಡೆ.

ಕೊನೆಯವಳು ಐವಿ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡು, ಸ್ಟಾರ್ಟರ್ ಹಗ್ಗ ಹಿಡಿದಳು.

"ಪ್ಲಗ್ಗು ಇಲ್ಲಿದೆ. ಇದನ್ನ ಚಾಲೂ ಎಂಜಿನ್ ಅಂತೀಯಾ?"

"ಇಲ್ಲ."

"ಹಾಗಾದ್ರೆ ಗಡಿಯಾರ ನೋಡ್ಕೋ."

ನಲವತ್ತು ವರ್ಷ ಹಿಟ್ಟು ನಾದಿದ ತೋಳು. ಒಂದೊಂದು ಎಳೆತಕ್ಕೂ ಚಕ್ರ ಗಿರ್ರನೆ ತಿರುಗಿತು, ದೀಪ ಫಳ್ಳೆಂದಿತು. ಒಂದು ನಿಮಿಷ ಬಿಡದೆ ಎಳೆದಳು.

"ಮಿನುಗ್ತಾ ಇದೆ," ಎಂದು ಆಕ್ಷೇಪಿಸಿದೆ.

"ಮಿನುಗಬಾರ್ದು ಅಂತ ಎಲ್ಲಿ ಬರ್ದಿದೀಯ, ತೋರ್ಸು."

ಎಲ್ಲೂ ಬರೆದಿರಲಿಲ್ಲ. ಉಳಿದವರೂ ಎಳೆದು ನೋಡಿದರು. ಅರ್ಧ ನಿಮಿಷ ದಾಟಿದವರಿಲ್ಲ. ಇಪ್ಪತ್ತನೇ ಸೆಕೆಂಡಿಗೆ ನನ್ನ ಭುಜದಿಂದ ಬಂದ ಸದ್ದನ್ನು ನಡಾವಳಿಯಲ್ಲಿ "ತಾಂತ್ರಿಕ ದೋಷ" ಎಂದು ದಾಖಲಿಸಿದ್ದೇನೆ.

ಹೀಗೆ ಪಂದ್ಯದಲ್ಲಿ ಉಳಿದದ್ದು ಐವಿ ಒಬ್ಬಳೇ. ಎಂಟು ಸುತ್ತು ತಿರುಗಿ ಬಂದರೆ ಹನ್ನೆರಡನೇ ಕಪ್ಪು. ನಾನು ಎದ್ದು ನಿಂತು ಒಂಬತ್ತನೇ ನಿಯಮ ಓದಿದೆ: "ಗಾಡಿಯು ಪರೀಕ್ಷೆಯಲ್ಲಿ ಪಾಸಾದ ಸ್ಥಿತಿಯಲ್ಲಿಯೇ ಓಡತಕ್ಕದ್ದು."

ರೆಕ್ಸ್ ಯೋಚಿಸಿದರು. "ಅಂದ್ರೆ ಎಂಜಿನ್ ಬಂದ್, ಪ್ಲಗ್ಗು ಜೇಬಲ್ಲಿ, ಹಗ್ಗ ಕೈಯಲ್ಲಿ?"

"ಅಷ್ಟೇ."

"ಮತ್ತೆ ಗಾಡಿ ಮುಂದಕ್ಕೆ ಹೋಗೋದು ಹೇಗೆ?"

"ಹೋಗಲ್ಲ." ಹನ್ನೊಂದು ವರ್ಷದಲ್ಲಿ ನನಗೆ ಅಷ್ಟು ಸಂತೋಷವಾದದ್ದಿಲ್ಲ.

"ತಳ್ಳಿದ್ರೆ ಹೋಗುತ್ತೆ," ಅಂದಳು ಐವಿ. "ಹದಿನೈದು ಓದಿ ರೆಕ್ಸ್."

ಹದಿನೈದನೇ ನಿಯಮ: "ಅಂಗಳದಲ್ಲಿ ನಿಂತುಹೋದ ಗಾಡಿಯನ್ನು ದೀಪಾಧಿಕಾರಿಯೇ ಖುದ್ದಾಗಿ ತಳ್ಳತಕ್ಕದ್ದು, ಬೇರಾರೂ ಒಳಗೆ ಕಾಲಿಡತಕ್ಕದ್ದಲ್ಲ." ಅಂಗಳಕ್ಕಿಳಿಯುವ ಹುದ್ದೆಗೆ ಹೊಳೆಯುವ ಜಾಕೆಟ್ ಕೊಡುತ್ತಾರೆಂಬ ಆಸೆಗೆ ನಾನೇ ಸೇರಿಸಿದ್ದ ಸಾಲು.

ಸೂರ್ಯ ಕಣಜಗಳ ಹಿಂದೆ ಇಳಿಯುವಾಗ ಪಂದ್ಯ ಶುರುವಾಯಿತು. ಐವಿ ಹಗ್ಗ ಎಳೆದಳು, ದೀಪ ಮಿನುಗಿತು, ಜಾಕೆಟ್ ಹೊಳೆಯಿತು, ನಾನು ತಳ್ಳಿದೆ. ಜನ ಮಡಿಚುವ ಕುರ್ಚಿಗಳಲ್ಲಿ ಕೂತು ಪ್ಯಾಸ್ಟಿ ತಿನ್ನುತ್ತ ಗಂಭೀರವಾಗಿ ನೋಡಿದರು.

"ಸ್ವಲ್ಪ ಬೇಗ ಕ್ಲೆಮ್, ಒಲೇಲಿ ಟ್ರೇ ಇಟ್ಟು ಬಂದಿದೀನಿ."

"ಬ್ರೇಕಿಂದ... ಕಾಲು ತೆಗಿ... ಐವಿ."

"ಅಯ್ಯೋ, ಇಟ್ಟಿದ್ನಾ? ಐದು ಸುತ್ತಾಯ್ತು, ಮೊದ್ಲೇ ಹೇಳ್ಬಾರ್ದಾ?"

ಆರನೇ ಸುತ್ತಿನಲ್ಲಿ ರೆಕ್ಸ್ ಮೈಕಿನಲ್ಲಿ, "ಟ್ರೆಂಗೋವ್ ಅವರ ಗಾಡಿಯಿಂದ ಸ್ವಲ್ಪ ಹೊಗೆ ಕಾಣುತ್ತಿದೆ," ಎಂದು ನನ್ನನ್ನು ಕುರಿತು ಪ್ರಕಟಿಸಿದರು. ಒಂದು ಗಂಟೆ ನಾಲ್ಕು ನಿಮಿಷಕ್ಕೆ ಗೆರೆ ದಾಟಿದೆವು. ಹೊಸ ನಿಯಮದಡಿ ಇದು ದಾಖಲೆ.

ಮೊದಲ ಸ್ಥಾನದಲ್ಲಿ ತಕರಾರಿರಲಿಲ್ಲ. ಎರಡನೆಯದು ಯಾರಿಗೆ ಎಂದು ಚರ್ಚೆಯಾಯಿತು. ಗಾಡಿ ದಾಟಿದ ಅರ್ಧ ಸೆಕೆಂಡಿಗೆ ಕ್ಲೆಮ್ ಕೂಡ ದಾಟಿದ್ದಾನೆ ಎಂದು ಸಮಯ ನೋಡುತ್ತಿದ್ದವರು ಹೇಳಿದರು. ಯಾರೂ ವಿರೋಧಿಸಲಿಲ್ಲ. ನನಗೆ ಉಸಿರು ಬರುತ್ತಿರಲಿಲ್ಲ. ಮೌನವನ್ನು ಸಮ್ಮತಿಯೆಂದು ಬರೆದುಕೊಂಡು ರಿಬ್ಬನ್ ಕಟ್ಟಿದರು.

ಮುಂದಿನ ತಿಂಗಳ ಸಭೆಯಲ್ಲಿ, ಎಂಜಿನ್ ಅನಗತ್ಯ ಭಾರವೆಂದೂ, ಭಾರದ ಚಕ್ರ, ಕಾಯಿಲ್, ಹಗ್ಗ ಮಾತ್ರ ಕಡ್ಡಾಯವೆಂದೂ, ದೀಪಾಧಿಕಾರಿ ಒಬ್ಬರೇ ಸಾಲದ್ದರಿಂದ ಒಂದೊಂದು ಗಾಡಿಗೆ ಒಬ್ಬ ತಳ್ಳುವವರೆಂದೂ ಸರ್ವಾನುಮತದಿಂದ ತೀರ್ಮಾನವಾಯಿತು. ಪಂದ್ಯ ಈಗ ಬಹಳ ಸುರಕ್ಷಿತ. ನಾನು ಓಡುವ ಶೂಗಳನ್ನು ತರಿಸಿದ್ದೇನೆ, ಚೆನ್ನಾಗಿ ಹೋಗುತ್ತಿವೆ. ಅರ್ಜಿಯಲ್ಲಿ "ತಳ್ಳುವವರ ಹೆಸರು, ಎದೆಯಳತೆ" ಎಂಬ ಹೊಸ ಸಾಲು ಸೇರಿದೆ.

ಮೊದಲ ಅರ್ಜಿ ತಂದವಳು ಐವಿ. ತಳ್ಳುವವರ ಹೆಸರಿನ ಜಾಗ ಆಗಲೇ ತುಂಬಿತ್ತು.

"ಎದೆಯಳತೆ ಮಾತ್ರ ನೀನೇ ಬರ್ಕೋ," ಅಂದಳು.

ಟೇಪು ತೆಗೆದು, ಉಸಿರು ಎಳೆದುಕೊಂಡು ಅಳೆದೆ.