ಒಳಗೆ ಮಡಚಿಟ್ಟ ನಾಲ್ಕು ಬೆರಳು ಬಟ್ಟೆ

ನಾನು ಇದುವರೆಗೆ ಯಾವ ಕೆಲಸವನ್ನೂ ಬಿಟ್ಟವಳಲ್ಲ. ನನ್ನಿಂದ ಕೆಲಸ ಬಿಡಿಸಿದ್ದೆಲ್ಲ ಸರ್ಕಾರ. ನನ್ನ ಯಜಮಾನರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಎರಡು ಮೂರು ವರ್ಷಕ್ಕೊಮ್ಮೆ ಅವರಿಗೆ ಒಂದು ಕಂದು ಲಕೋಟೆ ಬರುತ್ತದೆ. ಅದರಲ್ಲಿ ಅವರ ಹೆಸರಿರುತ್ತದೆ, ಅವರು ಹೋಗಬೇಕಾದ ಊರಿನ ಹೆಸರಿರುತ್ತದೆ, ನನ್ನ ಹೆಸರಿರುವುದಿಲ್ಲ. ಆದರೂ ಗೋಣಿಚೀಲ ಹುಡುಕಿ ಪಾತ್ರೆ ಕಟ್ಟುವವಳು ನಾನೇ. ಹೀಗೆ ಮದುವೆಯಾದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ಒಂದೇ ಜಿಲ್ಲೆಯೊಳಗೆ ಸುತ್ತಿದ್ದೇನೆ. ನಕ್ಷೆಯಲ್ಲಿ ಅದು ನನ್ನ ಅಂಗೈ ಅಗಲವೂ ಇಲ್ಲ. ಅಷ್ಟರೊಳಗೆ ನಾನು ಟೀಚರಾದೆ, ಕಾಜಾ ಹೊಲಿಯುವವಳಾದೆ, ಅರ್ಜಿ ಬರೆಯುವವಳಾದೆ, ಹದಿನೆಂಟು ದಿನ ಅಣಬೆ ಬೆಳೆಗಾರಳೂ ಆದೆ. ಈಗ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತೇನೆ. ಮೊನ್ನೆ ಇಲ್ಲಿಯ ಮಹಿಳಾ ಸಮಾಜದವರು, "ಸ್ವಂತ ಉದ್ಯೋಗಕ್ಕೆ ನೀವು ಹೇಗೆ ಸಿದ್ಧತೆ ಮಾಡಿಕೊಂಡಿರಿ, ನಾಲ್ಕು ಮಾತು ಹೇಳಿ" ಎಂದು ಕರೆದಿದ್ದರು. ಮೈಕು ಕೈಗೆ ಬಂದಾಗಲೇ ನನಗೆ ಹೊಳೆದದ್ದು, ನಾನು ಯಾವ ಸಿದ್ಧತೆಯನ್ನೂ ಮಾಡಿಕೊಂಡಿರಲಿಲ್ಲ ಎಂದು. ಎಲ್ಲರಿಗೂ ನಮಸ್ಕಾರ ಹೇಳಿ, ಅಧ್ಯಕ್ಷೆಯವರ ಮಂಡಿನೋವನ್ನು ವಿಚಾರಿಸಿ, ಕೆಳಗಿಳಿದುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಹಾಗೆಂದ ಕೂಡಲೇ ಜನ ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ನೋಡುತ್ತಾರೆ, ಈಗ ಇಂಗ್ಲಿಷಿನಲ್ಲಿ ಏನೋ ಉದುರಲಿದೆ ಎಂಬಂತೆ. ನಿಜ ಹೇಳಬೇಕೆಂದರೆ ಸಿಸ್ಟರುಗಳಿಂದ ನನಗೆ ಗಟ್ಟಿಯಾಗಿ ಬಂದದ್ದು ಮೆಲ್ಲಗೆ ಮಾತನಾಡುವುದು, ಕರವಸ್ತ್ರವನ್ನು ಮೂಲೆಗೆ ಮೂಲೆ ಸೇರಿಸಿ ಮಡಚುವುದು, ಮತ್ತು ತಪ್ಪು ಯಾರದೇ ಇರಲಿ ಮೊದಲು ಕ್ಷಮೆ ಕೇಳಿಬಿಡುವುದು. ಈ ಬಂಡವಾಳದ ಮೇಲೆಯೇ ಶ್ರೀರಂಗಪಟ್ಟಣದ ನಮ್ಮತ್ತೆಯ ಮನೆಗೆ ಬಂದೆ, ಪಕ್ಕದ ಬೀದಿಯ ಶಿಶುವಿಹಾರದಲ್ಲಿ ಟೀಚರೂ ಆದೆ. ನಲವತ್ತು ಮಕ್ಕಳು, ಒಂದು ಕೋಣೆ. ದನಿ ಏರಿಸಿದರೆ ಅವು ಇನ್ನಷ್ಟು ಏರಿಸುತ್ತಿದ್ದವು. ದನಿ ಇಳಿಸಿದರೆ ಏನೋ ಗುಟ್ಟಿರಬೇಕೆಂದು ಹತ್ತಿರ ಬರುತ್ತಿದ್ದವು. ಇದನ್ನು ಕಲಿತು ಇನ್ನೇನು ಒಳ್ಳೆಯ ಟೀಚರಾಗುತ್ತೇನೆ ಎನ್ನುವಾಗ ಲಕೋಟೆ ಬಂತು.

ಪಾಂಡವಪುರದಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗೆ ಖಲೀಲ್ ಸಾಹೇಬರ ಹೊಲಿಗೆ ಅಂಗಡಿ. ಕಬ್ಬು ಅರೆಯುವ ತಿಂಗಳುಗಳಲ್ಲಿ ಸಕ್ಕರೆ ಕಾರ್ಖಾನೆಯ ಸಿಹಿಹುಳಿ ವಾಸನೆ ಊರಿನ ಎಲ್ಲ ಬಟ್ಟೆಗೂ ಹತ್ತಿರುತ್ತಿತ್ತು. ಅವರು ಹೊಲಿದುಕೊಟ್ಟ ಹೊಸ ಶರಟಿಗೂ. ಕರವಸ್ತ್ರದ ಅಂಚಿಗೆ ನಾನು ಹಾಕಿದ ಹೊಲಿಗೆ ನೋಡಿ ಅವರು, "ಬೇಟಿ, ನಿನ್ನ ಕೈ ಸಾಫ್ ಐತೆ, ಕಾಜಾ ಮಾಡ್ತೀಯಾ?" ಎಂದು ಗುಂಡಿ ತೂರಿಸುವ ತೂತಿಗೆ ದಾರ ಸುತ್ತುವ ಕೆಲಸ ಕೊಟ್ಟರು. ನಮ್ಮತ್ತೆ ಬಂದವರು ಮಡಿಲ ತುಂಬ ಇದ್ದ ಪರರ ಶರಟುಗಳನ್ನು ನೋಡಿ, "ನಮ್ ವಂಸ್ದಲ್ಲಿ ಯಾರೂವೆ ಬೇರೆಯೋರ ಗುಂಡಿಗೆ ತೂತ ಒಲ್ದಿಲ್ಲ ಕಣವ್ವ" ಎಂದು ನಿಟ್ಟುಸಿರಿಟ್ಟರು. ನಾನು ಕ್ಷಮೆ ಕೇಳಿ ಹೊಲಿಗೆ ಮುಂದುವರಿಸಿದೆ.

ಖಲೀಲ್ ಸಾಹೇಬರು ಯಾರಿಗೇ ಆಗಲಿ ಬಟ್ಟೆ ಕೊಡುವ ದಿನ ಹೇಳುವಾಗ ಬುಧವಾರ ಎನ್ನುತ್ತಿದ್ದರು. ಯಾಕೆ ಬುಧವಾರ ಎಂದು ಒಮ್ಮೆ ಕೇಳಿದೆ. "ನೋಡು ಬೇಟಿ, ಮಂಗಳವಾರ ಶನಿವಾರ ನಿಮ್ಮೋರು ಹೊಸ ಬಟ್ಟೆ ಮುಟ್ಟಲ್ಲ. ಶುಕ್ರವಾರ ನಂಗೆ ನಮಾಜು. ಭಾನುವಾರ ಅಂಗಡಿ ಬಾಗಿಲು ಹಾಕಿರ್ತೀನಿ. ಸೋಮವಾರ ಕೆಲಸ ಶುರು ಆಗ್ಬೇಕಲ್ಲ. ಗುರುವಾರ ಅಂದ್ರೆ ಜನ ಬುಧವಾರಾನೇ ಬಂದು ಕೂತ್ಕೋತಾರೆ." ಈ ವಿವರಣೆಯಲ್ಲಿ ನನಗೆ ಇಂದಿಗೂ ಒಂದು ತಪ್ಪು ಹುಡುಕಲಾಗಿಲ್ಲ. ಗಿರಾಕಿಗಳು ಮಾತ್ರ ಪಳಗಿದವರು. "ಯಾವ ಬುಧವಾರ ಸಾಬ್ರೇ?" ಎನ್ನುತ್ತಿದ್ದರು. "ಅಲ್ಲಾ ಕೊಡೋ ಬುಧವಾರ ಎಲ್ಲಾ ಒಂದೇ ಗೌಡ್ರೇ" ಎಂದು ಇವರು ಕತ್ತರಿ ಎತ್ತಿಕೊಳ್ಳುತ್ತಿದ್ದರು. ಕೊಟ್ಟ ಮಾತನ್ನು ಇಷ್ಟು ಸಲೀಸಾಗಿ ಮುಂದೂಡುವವರನ್ನು ಕಂಡರೆ ನನಗೆ ಆಗ ಒಳಗೊಳಗೇ ಸಿಟ್ಟು. ಅದೂ ಒಂದು ವಿದ್ಯೆ ಎಂದು ತಿಳಿಯಲು ಇನ್ನೂ ಎರಡು ಲಕೋಟೆ ಬರಬೇಕಿತ್ತು.

ಕೆ.ಆರ್. ಪೇಟೆಯಲ್ಲಿ ನಮ್ಮ ಮನೆ ತಾಲ್ಲೂಕು ಕಚೇರಿಯ ದಾರಿಯಲ್ಲಿತ್ತು. ಹಳ್ಳಿಗಳಿಂದ ಬಂದ ಹೆಂಗಸರು ನೀರು ಕೇಳಲು ಜಗಲಿಗೆ ಬರುತ್ತಿದ್ದರು, ಕೈಯಲ್ಲಿ ಖಾಲಿ ಅರ್ಜಿ. ಬರೆದುಕೊಡುತ್ತಾ ಹೋದೆ. ಬೂಕನಕೆರೆ ಕಡೆಯ ಒಬ್ಬ ಅಜ್ಜಿಯನ್ನು ವಯಸ್ಸೆಷ್ಟು ಎಂದು ಕೇಳಿದರೆ, "ಪಿಂಚಣಿ ಬರೋ ಅಷ್ಟು ಬರ್ಕೊ ಮಗ" ಎಂದಿತು. ಕೂಲಿಯೆಂದು ನುಗ್ಗೆಕಾಯಿ, ಅವರೆಕಾಯಿ ಬರುತ್ತಿದ್ದವು. ಆ ಜಗಲಿಯಲ್ಲಿ ನಾನು ಕಂಡುಕೊಂಡದ್ದು ಒಂದು: ಯಾರೂ ಬಂದ ಕೆಲಸವನ್ನು ಮೊದಲ ಮಾತಿನಲ್ಲಿ ಹೇಳುವುದಿಲ್ಲ. ಮೊದಲು ಬಿಸಿಲಿನ ಮಾತು, ಆಮೇಲೆ ಯಾರದೋ ಮೇಲಿನ ದೂರು. ಇನ್ನೊಂದು ಲೋಟ ನೀರು ಕೊಟ್ಟು ಸುಮ್ಮನೆ ಕೂತರೆ ನಿಜವಾದದ್ದು ಹೊರಗೆ ಬರುತ್ತದೆ.

ಅಣಬೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಅದೇ ಊರಿನಲ್ಲಿ ತರಬೇತಿ ಪಡೆದು, ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಬಚ್ಚಲಮನೆಯ ಪಕ್ಕದ ಕತ್ತಲಲ್ಲಿ ತೂಗುಹಾಕಿದ್ದೆ. ಹದಿನೆಂಟನೆಯ ದಿನ ಬೆಳ್ಳಗೆ ನವಿರಾದ ತುಪ್ಪಳದಂಥದ್ದು ಹಬ್ಬಿತ್ತು. ಅಂದೇ ಊರಿಂದ ಬಂದ ಅತ್ತೆ, "ಬೂಸ್ಟು ಇಡ್ದ್ ಉಲ್ಲ ಮನೇಲ್ ಯಾಕ್ ಇಟ್ಕೊಂಡೀರಿ" ಎಂದು ನಾನು ಅಂಗಡಿಯಿಂದ ಬರುವಷ್ಟರಲ್ಲಿ ಎಲ್ಲವನ್ನೂ ತಿಪ್ಪೆಗೆ ಸುರಿದು ಕೈ ತೊಳೆದುಕೊಂಡಿದ್ದರು. ಅನುಭವವೆಲ್ಲ ಮುಂದೆ ಉಪಯೋಗಕ್ಕೆ ಬರುತ್ತದೆ ಎನ್ನುತ್ತಾರೆ. ಇದು ಇನ್ನೂ ಬಂದಿಲ್ಲ.

ನಾಗಮಂಗಲಕ್ಕೆ ಬಂದ ಮೇಲೆ ನಮ್ಮ ಮಗಳು ಶುಭಾಳನ್ನು ಹೊಸದಾಗಿ ತೆರೆದ ಇಂಗ್ಲಿಷ್ ಶಾಲೆಗೆ ಸೇರಿಸಿದೆವು. ಊರೂರಿಗೂ 'ಕಾನ್ವೆಂಟು' ಏಳುತ್ತಿರುವ ಕಾಲ ಇದು. ಎಸ್‌ಟಿಡಿ ಬೂತಿನ ಪಕ್ಕ ಒಂದು, ಗಿರಣಿಯ ಮಹಡಿಯ ಮೇಲೆ ಒಂದು. ಶಾಲೆಯ ಕಾರ್ಯದರ್ಶಿ ಸಿದ್ದೇಗೌಡರು ಹೋದ ವರ್ಷ ಮೇ ತಿಂಗಳಲ್ಲಿ ಮನೆಗೇ ಬಂದರು. "ನೀವು ಮೈಸೂರ್ ಕಾನ್ವೆಂಟಲ್ ಓದ್ದೋರಂತೆ. ಒಲಿಗೇನೂ ಬತ್ತದಂತೆ. ಸಿಸ್ಟರುಗಳು ಎಂಗೆ ಆಕುಸ್ತಿದ್ರೋ ಅಂಗೇ ಅರವತ್ತ್ ಎಣ್ ಮಕ್ಕಳಿಗೆ ಒಲ್ಕೊಡಿ ತಾಯಿ" ಎಂದು ನೀಲಿ ಬಟ್ಟೆಯ ಥಾನು ಇಳಿಸಿ ಹೋದರು. ಬಿಳಿ ಅಂಗಿಯ ಮೇಲೆ ತೊಡುವ ತೋಳಿಲ್ಲದ ಫ್ರಾಕು. ಜೀವನದಲ್ಲಿ ಮೊದಲ ಸಲ ಒಂದು ಕೆಲಸ ನನ್ನ ಹೆಸರು ಹಿಡಿದು ಬಂದಿತ್ತು.

ಸಿಸ್ಟರುಗಳ ಅಳತೆ ನನಗೆ ಚೆನ್ನಾಗಿ ನೆನಪಿತ್ತು. ಹುಡುಗಿ ಮಂಡಿಯೂರಿದಾಗ ಫ್ರಾಕಿನ ಅಂಚು ಸರಿಯಾಗಿ ನೆಲ ಮುಟ್ಟಬೇಕು, ಹೆಚ್ಚಲ್ಲ, ಕಡಿಮೆಯಲ್ಲ. ಮಕ್ಕಳನ್ನು ನಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ದನಿ ಇಳಿಸಿ, ಮಂಡಿಯೂರಲು ಹೇಳಿದೆ. ಪಕ್ಕದ ಮನೆಯ ನಿಂಗಮ್ಮಜ್ಜಿ ಕಾಂಪೌಂಡಿನಾಚೆಯಿಂದ ನೋಡಿ, "ಯಾಕವ್ವ ಅಸುಗೂಸುಗಳ್ನೆಲ್ಲ ಮಂಡಿ ಊರ್ಸಿದ್ದೀ, ಏನ್ ತಪ್ಪ್ ಮಾಡವೆ?" ಎಂದಿತು. ನಾನು ನಕ್ಕು ಅಳತೆ ಬರೆದುಕೊಂಡೆ. ಇಪ್ಪತ್ತು ಫ್ರಾಕು ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಹಗ್ಗಕ್ಕೆ ತೂಗುಹಾಕಿದೆ. ನಮ್ಮ ನಡುಮನೆ ಒಂದು ಕ್ಷಣ ಮೈಸೂರಿನಂತೆ ಕಂಡಿತು.

ಮರುದಿನ ತಾಯಂದಿರು ಬಂದರು. ಮುಂದೆ ಇದ್ದವಳು ನಮಗೆ ಹಾಲು ಹಾಕುವ ಜಯಮ್ಮ. ಅವಳ ಇಬ್ಬರು ಹೆಣ್ಣುಮಕ್ಕಳೂ ಆ ಶಾಲೆಯಲ್ಲಿ. ಫ್ರಾಕನ್ನು ಮಗಳಿಗೆ ಹಿಡಿದು ನೋಡಿ, "ಇದೇನಕ್ಕಾವ್ರೆ, ದಸರಾ ಒತ್ಗೆ ಇದು ಮಂಡಿ ಮ್ಯಾಲ್ ಬತ್ತದೆ. ನಮ್ಮುಡುಗೀರು ಬೆಳೆಯಾಕಿಲ್ವಾ? ಪಾದದ್ ಗಂಟ ಒಲೀರಿ, ಇಲ್ದಿದ್ರೆ ನಮಗ್ ಬ್ಯಾಡ" ಎಂದಳು. ಹಿಂದಿದ್ದವರೂ ತಲೆಯಾಡಿಸಿದರು. ಸುದ್ದಿ ತಿಳಿದು ಸಂಜೆಯೇ ಬಂದ ಸಿದ್ದೇಗೌಡರು, "ಪಾದದ್ ಗಂಟ ಒಲ್ದ್ರೆ ಅದು ಕಾನ್ವೆಂಟ್ ಆಯ್ತದಾ? ಅರಿಕತೆ ದಾಸ್ರು ಆಯ್ತಾರೆ ಮಕ್ಕಳು. ಮಂಡೀಗೇ ಇರ್ಬೇಕು. ಶುಕ್ರವಾರದೊಳ್ಗೆ ನೀವೂ ಅವ್ರೂ ಒಂದ್ ತೀರ್ಮಾನಕ್ ಬನ್ನಿ, ಆಗಾಕಿಲ್ಲ ಅಂದ್ರೆ ಮಂಡ್ಯದ ಅಂಗ್ಡಿಯಿಂದ ರೆಡಿಮೇಡ್ ತರುಸ್ತೀನಿ" ಎಂದರು. ಅಂದು ಶನಿವಾರ. ನಾನು ಇಬ್ಬರಿಗೂ ಕ್ಷಮೆ ಕೇಳಿದೆ. ಯಜಮಾನರು ಪತ್ರಿಕೆಯ ಹಿಂದಿನಿಂದ, "ವಾಪಸ್ ಕೊಟ್ಟುಬಿಡು. ನಿನಗ್ಯಾಕೆ ಈ ರಗಳೆ" ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಷ್ಟು ವರ್ಷ ನಾನು ಬಿಟ್ಟುಬಂದ ಕೆಲಸಗಳೆಲ್ಲ ಅವರಿಗೂ ನನಗೂ ರಗಳೆಗಳೇ ಆಗಿದ್ದವು. ಇದೊಂದು ಹೋದರೆ ಇನ್ನೊಂದನ್ನು ಹುಡುಕುವ ಹುಮ್ಮಸ್ಸು ನನಗೆ ಉಳಿದಿಲ್ಲ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮರುಬೆಳಿಗ್ಗೆ ಹಾಲು ಹಾಕಲು ಬಂದ ಜಯಮ್ಮ ಬಿಸಿಲಿನ ಮಾತಾಡಿದಳು, ಸಿದ್ದೇಗೌಡರನ್ನು ಬೈದಳು. ನಾನು ಒಂದು ಲೋಟ ಕಾಫಿ ಕೊಟ್ಟು ಸುಮ್ಮನೆ ಕೂತೆ. ಆಮೇಲೆ ಅವಳು ನೆಲ ನೋಡುತ್ತಾ ಹೇಳಿದಳು: "ಒಳ್ಗಡೆ ಮಡ್ಚಿ ಒಲ್ದು ವರ್ಸ ವರ್ಸ ಬಿಚ್ಬೌದು, ನಂಗೂ ಗೊತ್ತು. ಬಿಚ್ಚುದ್ರೆ ಗೆರೆ ಕಾಣ್ತದೆ ಅಕ್ಕಾವ್ರೆ. ಮೇಲ್ಗಡೆ ಬಣ್ಣ ಓಗಿರ್ತದೆ, ಕೆಳ್ಗಡೆ ಒಸ್ದು. ದೊಡ್ಡೋಳ್ದು ಚಿಕ್ಕೋಳ್ಗೆ ಬರೋ ಒತ್ಗೆ ಮೂರ್ ಗೆರೆ. ಮಕ್ಕಳು ಎಣುಸ್ತವೆ."

ಮಕ್ಕಳು ಎಣಿಸುತ್ತಾರೆ. ನನ್ನವನ್ನೂ ಎಣಿಸಿದ್ದರು. ಕಾನ್ವೆಂಟಿನಲ್ಲಿ ಓದಿದವಳು ಎಂದು ಹೇಳಿಕೊಳ್ಳುವ ನಾನು ಹೇಳದೆ ಉಳಿಸಿಕೊಂಡಿರುವ ಸಂಗತಿ ಅದು. ನಮ್ಮಪ್ಪ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವವರು. ನನಗೆ ನಾಲ್ಕು ವರ್ಷಕ್ಕೊಂದೇ ಫ್ರಾಕು. ಮೂರನೆಯ ವರ್ಷ ಪಕ್ಕದ ಹುಡುಗಿ ನನ್ನ ಮಂಡಿಯ ಬಳಿಯ ಗೆರೆಗಳನ್ನು ಬೆರಳಿಟ್ಟು ಎಣಿಸಿ, ಎರಡು ಎಂದಳು. ಮನೆಯಲ್ಲಿ ನಾನು ಏನೂ ಹೇಳಲಿಲ್ಲ. ಅಮ್ಮ ಹೇಗೆ ತಿಳಿದುಕೊಂಡಳೋ, ಆ ಗೆರೆಗಳ ಮೇಲೆ ಬಿಳಿ ಪಟ್ಟಿ ಕೂರಿಸಿ ಹೊಲಿದುಕೊಟ್ಟಳು. ಅದು ನಿಯಮಕ್ಕೆ ವಿರುದ್ಧ. ತಪಾಸಣೆಯ ದಿನ ಸಿಸ್ಟರ್ ನನ್ನೆದುರು ನಿಂತರು, ಅಂಚನ್ನು ಎರಡು ಬೆರಳಲ್ಲಿ ಎತ್ತಿ ಒಳಮಡಿಕೆ ನೋಡಿದರು, ನನ್ನ ಮುಖ ನೋಡಿದರು. ಹೊಲಿಗೆ ಚೆನ್ನಾಗಿದೆ ಎಂದಷ್ಟೇ ಹೇಳಿ ಮುಂದಿನ ಹುಡುಗಿಯ ಕಡೆ ಹೋದರು.

ಸೋಮವಾರ ಎಸ್‌ಟಿಡಿ ಬೂತಿಗೆ ಹೋಗಿ ಪಾಂಡವಪುರದಲ್ಲಿ ಖಲೀಲ್ ಸಾಹೇಬರ ಪಕ್ಕದ ಅಂಗಡಿಗೆ ಫೋನು ಮಾಡಿ ಅವರನ್ನು ಕರೆಸಿದೆ. ಕತ್ತರಿಸಿದ ಬಟ್ಟೆಯನ್ನು ಮತ್ತೆ ಉದ್ದ ಮಾಡಬೇಕು, ಶುಕ್ರವಾರದೊಳಗೆ ಆಗಬೇಕು, ಬರುತ್ತೀರಾ ಎಂದೆ. ಅವರು, "ಬುಧವಾರ ಬರ್ತೀನಿ ಬೇಟಿ" ಎಂದರು. ರಿಸೀವರ್ ಇಟ್ಟು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಆದರೆ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ತಮ್ಮ ಕತ್ತರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿದ್ದರು. ನನ್ನ ಮುಖ ನೋಡಿ, "ಅಂಗಡಿ ಬುಧವಾರ ಬೇರೆ, ಮನೆ ಬುಧವಾರ ಬೇರೆ" ಎಂದರು. ಕತ್ತರಿಸಿದ ಇಪ್ಪತ್ತಕ್ಕೂ ನಾಲ್ಕು ಬೆರಳು ಅಗಲದ ತುಂಡು ಕೂಡಿಸಿ, ಒಳಗೆ ಮಡಚಿ, ಕೂಡಿಸಿದ ಜಾಗದ ಮೇಲೆ ಬಿಳಿ ಪಟ್ಟಿ ಹೊಲಿದೆವು. ಉಳಿದ ನಲವತ್ತಕ್ಕೆ ಮೊದಲೇ ನಾಲ್ಕು ಬೆರಳು ಬಿಟ್ಟು ಕತ್ತರಿಸಿದೆವು. ಅವಕ್ಕೂ ಅದೇ ಬಿಳಿ ಪಟ್ಟಿ. ಮುಂದೆ ಮಡಿಕೆ ಬಿಚ್ಚಿದಾಗ ಪಟ್ಟಿಯ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಅರವತ್ತು ಮಕ್ಕಳಿಗೂ ಹಾಗೇ ಇದ್ದರೆ ಅದು ಗೆರೆಯಲ್ಲ, ಅಂಚು.

ಶುಕ್ರವಾರ ಸಿದ್ದೇಗೌಡರು ಒಂದು ಫ್ರಾಕು ಎತ್ತಿ ಬೆಳಕಿಗೆ ಹಿಡಿದರು. "ಉದ್ದ ಸರ್ಯಾಗ್ ಅದೆ. ಈ ಬಿಳಿ ಪಟ್ಟಿ ಯಾಕೆ? ನಿಮ್ ಕಾನ್ವೆಂಟಲ್ ಇತ್ತಾ?"

"ನನ್ನ ಫ್ರಾಕಿಗೆ ಇತ್ತು" ಎಂದೆ.

ಅವರು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. "ಅಂಗಾರೆ ಇರ್ಲಿ. ಎಲ್ಲಾರ್ಗೂ ಇರ್ಬೇಕು ಮತ್ತೆ."

ಈ ವರ್ಷ ಗಿರಣಿ ಮಹಡಿಯ ಶಾಲೆಯವರು ತಮ್ಮ ಮಕ್ಕಳಿಗೆ ಎರಡು ಬಿಳಿ ಪಟ್ಟಿ ಹಾಕಿಸಿದ್ದಾರೆ. ಕೇಳಿದರೆ, ಅದು ಮೈಸೂರಿನ ದೊಡ್ಡ ಕಾನ್ವೆಂಟಿನ ಪದ್ಧತಿಯಂತೆ.

ತಾಯಂದಿರಿಗೆ ನಾನು ಒಂದು ಮಾತು ಕೊಟ್ಟಿದ್ದೆ, ಪ್ರತಿವರ್ಷ ಶಾಲೆ ತೆರೆಯುವ ಮೊದಲು ನಾನೇ ಎರಡೆರಡು ಬೆರಳು ಬಿಚ್ಚಿ ಮತ್ತೆ ಹೊಲಿದುಕೊಡುತ್ತೇನೆ ಎಂದು. ಜಯಮ್ಮ, "ನೀವು ಸರ್ಕಾರಿ ಜನ. ಬರೋ ವರ್ಸ ಈ ಊರಲ್ಲಿರ್ತೀರಾ?" ಎಂದು ನೇರವಾಗಿ ಕೇಳಿದಳು. ಇರ್ತೀನಿ ಎಂದುಬಿಟ್ಟೆ. ಏಪ್ರಿಲ್‌ನಲ್ಲಿ ಕಂದು ಲಕೋಟೆ ಬಂತು, ಶ್ರೀರಂಗಪಟ್ಟಣಕ್ಕೆ. ಯಜಮಾನರು ಅದನ್ನು ಹೊಲಿಗೆ ಯಂತ್ರದ ಮೇಲಿಟ್ಟು, ನಾನು ಗೋಣಿಚೀಲ ತರಲು ಏಳುವುದನ್ನು ಕಾಯುತ್ತಾ ನಿಂತರು. ನಾನು ಏಳಲಿಲ್ಲ. ದನಿ ಇಳಿಸಿ, "ಇದು ನಿಮಗೆ ಬಂದಿರೋದು. ನನಗೆ ಬಂದಿಲ್ಲ" ಎಂದೆ. ಅವರು ಹತ್ತಿರ ಬಂದು ಕಾಗದವನ್ನು ಇನ್ನೊಮ್ಮೆ ಪೂರ್ತಿ ಓದಿದರು, ನನ್ನ ಹೆಸರು ಎಲ್ಲಾದರೂ ಇದೆಯೇನೋ ಎಂದು ಹುಡುಕುವವರಂತೆ. ಅದನ್ನು ಮಡಚಿ ಲಕೋಟೆಗೆ ಸೇರಿಸಿ, "ಶನಿವಾರ ಸಂಜೆ ಅಲ್ಲಿಂದ ಇಲ್ಲಿಗೆ ಬರೋಕೆ ಬಸ್ಸು ಎಷ್ಟು ಗಂಟೆಗಿದೆಯೋ ವಿಚಾರಿಸಬೇಕು" ಎಂದರು. ಅತ್ತೆಗೆ ಹೇಗೆ ಹೇಳುವುದೆಂದು ನಾನು ಹೆದರಿದ್ದೆ. ಅವರು, "ನನ್ ಮಗ ನನ್ ತಾವ್ ಇರ್ಲಿ ಬುಡವ್ವ. ನೀನು ಆ ಮಕ್ಕಳ ಬಟ್ಟೆ ನೋಡ್ಕೊ" ಎಂದರು. ಬಹುಶಃ ಅಣಬೆಯ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಮೇ ಇಡೀ ಹೊಲಿಗೆ ಬಿಚ್ಚುತ್ತಾ ಕೂತೆ. ಮಡಿಕೆಯೊಳಗಿನ ಬಟ್ಟೆ ಬಿಸಿಲು ಕಾಣದೆ ಹೊಸದಾಗಿಯೇ ಇರುತ್ತದೆ. ನಾನು ಬಿಟ್ಟುಬಂದೆ ಎಂದುಕೊಂಡ ಊರುಗಳನ್ನು ಕುರಿತೂ ಹಾಗೇ ಏನೋ ಯೋಚನೆ ಬರುತ್ತಿತ್ತು. ಅಷ್ಟರಲ್ಲಿ ಇನ್ನೊಬ್ಬರು ಬಂದು ಫ್ರಾಕು ಕೊಡುತ್ತಿದ್ದರು. ಶಾಲೆ ತೆರೆದ ದಿನ ಐವತ್ತೊಂಬತ್ತು ಹುಡುಗಿಯರ ಅಂಚು ಮಂಡಿಗೆ ಸರಿಯಾಗಿತ್ತು. ಅರವತ್ತನೆಯವಳು ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ನನ್ನೆದುರು ಬಂದು ನಿಂತಳು. ಅವಳ ಫ್ರಾಕಿನ ಅಂಚು ಮಂಡಿಗಿಂತ ಎರಡು ಬೆರಳು ಮೇಲಿತ್ತು.

"ಅಮ್ಮ, ಎಲ್ಲರದೂ ಬಿಚ್ಚಿದೀಯ. ನಂದು ಯಾವಾಗ?" ಎಂದಳು ಶುಭಾ.

"ಬುಧವಾರ ಕಂದ."

ಅವಳು, "ಯಾವ ಬುಧವಾರ?" ಎಂದಳು.

ಖಲೀಲ್ ಸಾಹೇಬರ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಶಾಲೆಯ ಗಂಟೆಗೆ ಇನ್ನೂ ಹೊತ್ತಿತ್ತು. ಬೆಳಕಿಗೆಂದು ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಬಾಯಲ್ಲಿ ದಾರ ಹಿಡಿದು, ಅವಳೆದುರು ಮಂಡಿಯೂರಿ ಅಂಚಿನ ಹೊಲಿಗೆ ಬಿಚ್ಚತೊಡಗಿದೆ. ಕಾಂಪೌಂಡಿನಾಚೆಯಿಂದ ನಿಂಗಮ್ಮಜ್ಜಿ ಕತ್ತು ಚಾಚಿ ನನ್ನನ್ನು ನೋಡಿತು.

"ನೀನೂ ಮಂಡಿ ಊರಿದ್ಯಾ?" ಎಂದಿತು. "ಏನ್ ತಪ್ಪ್ ಮಾಡ್ದವ್ವ?"