ಅಂಕಲಿಯ ಹಿಟ್ಟಿನ ಗಿರಣಿಗೆ, ಅಕ್ಕುತಾಯಿಯ ಮನೆಯಿಂದ

ಅಂಕಲಿ, ಶ್ರಾವಣದ ಎರಡನೇ ಬುಧವಾರ, 1993

ಮಾನ್ಯ ಗಿರಣಿಯವರೇ,

ಹಿಟ್ಟು ಮೆತ್ತಿದ ತಮ್ಮ ಪಾದಗಳಿಗೆ, ಗಡಗಡ ನಡುಗುವ ತಮ್ಮ ತಗಡಿನ ಸೂರಿಗೆ ಮತ್ತು ಕರೆಂಟು ಇದ್ದಾಗಲೆಲ್ಲ ಉತ್ತಮವಾಗಿರುವ ತಮ್ಮ ಆರೋಗ್ಯಕ್ಕೆ ನಮ್ಮ ಮನೆಮಂದಿಯ ಶರಣು.

ಕೆಳಗೆ ಬರೆದಿರುವ ಈ ಸಂಗತಿಯನ್ನು ಮೊದಲ ಸಲ ಪೂರ್ತಿ ಬಿಡಿಸಿ ಹೇಳಿದವಳು ನನ್ನ ತಮ್ಮನ ಹೆಂಡತಿ ತುಳಸವ್ವ. ಹೇಳಿದ್ದು ಇಂದು ಸಂಜೆ, ಕರೆಂಟು ಹೋಗಿ ತಾವು ಮೌನ ಹಿಡಿದಿದ್ದಾಗ, ತಮ್ಮ ಕಟ್ಟೆಯ ಮೇಲೆ ಡಬ್ಬಿಗಳನ್ನು ಸರದಿಗಿಟ್ಟು ಕೂತಿದ್ದ ಹೆಂಗಸರಿಗೆ. ತಾವೂ ಅಲ್ಲೇ ಇದ್ದಿರಿ. ಆದರೆ ಕರೆಂಟಿಲ್ಲದಾಗ ತಮಗೆ ಕೇಳಿಸುವುದೋ ಇಲ್ಲವೋ ತಿಳಿಯದ್ದರಿಂದ ಬರೆದು ತಿಳಿಸುತ್ತಿದ್ದೇನೆ.

ನಮ್ಮ ದೂರು ಇಷ್ಟೇ: ತುಳಸವ್ವನ ನಾಲ್ಕು ವರ್ಷದ ಮಗಳು ಅಕ್ಕುತಾಯಿಯನ್ನು ತಾವು ಒಲಿಸಿಕೊಂಡಿದ್ದೀರಿ. ನಾವು ಹತ್ತು ಸಲ ಹೆಸರು ಕೂಗಿದರೂ ತಿರುಗದ ಕೂಸು, ತಾವು ಒಮ್ಮೆ ಟುಕ್ ಎಂದರೆ ಸಾಕು, ಮೂರು ಓಣಿ ದಾಟಿ ಓಡಿಬಂದು ತಮ್ಮ ಗಾಲಿ ತಿರುಗುವುದನ್ನೇ ನೋಡುತ್ತ, ಡಬ್ಬಿಗಳ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತ ಕೂರುತ್ತದೆ. ಏನಾದರೂ ಬೇಕಾದರೆ ಬೆರಳು ಮಾಡಿ ತೋರಿಸುವುದಿಲ್ಲ. ಅವ್ವನ ಮುಂಗೈ ಹಿಡಿದೊಯ್ದು ಇಕ್ಕಳದಂತೆ ಬಳಸುತ್ತದೆ.

ಮೊದಲು ಕಿವುಡಿ ಎಂದೆವು. ಆಮೇಲೆ ಅಜ್ಜಿ ಲಕ್ಕವ್ವ, "ಅವ್ವಂದು ಮರಾಠಿ, ಅಪ್ಪಂದು ಕನ್ನಡ, ಕೂಸು ಯಾವ ದಾರಿ ಹಿಡೀಲಿ ಅಂತ ನಡುವ ನಿಂತೈತಿ" ಎಂದು ತೀರ್ಪು ಕೊಟ್ಟದ್ದರಿಂದ ಮೂರು ತಿಂಗಳು ಮನೆಯಲ್ಲಿ ಮರಾಠಿ ಬಂದ್ ಮಾಡಿದೆವು, ಫಲ ಕಾಣದೆ ಮುಂದಿನ ಮೂರು ತಿಂಗಳು ಕನ್ನಡ ಬಂದ್ ಮಾಡಿದೆವು. ಲಕ್ಕವ್ವನಿಗೆ ಮರಾಠಿಯಲ್ಲಿ ಬೈಯಲು ಬಾರದ್ದರಿಂದ ಆ ಮೂರು ತಿಂಗಳು ಮನೆ ಬಹಳ ಶಾಂತವಾಗಿತ್ತು. ಅಕ್ಕು ಮಾತ್ರ ತಮ್ಮ ಟುಕ್ ಟುಕ್ ಭಾಷೆಯನ್ನೇ ಆಡುತ್ತಿದ್ದಳು.

ಕಡೆಗೆ ಮಿರಜಿನ ಡಾಕ್ಟರಬಾಯಿ ಒಂದು ತಾಸು ಕೂಸಿನ ಜೊತೆ ನೆಲದ ಮೇಲೆ ಕೂತು ನೋಡಿ, ಇದು ಕಿವುಡಲ್ಲ, ಹಟವಲ್ಲ, ತಾಯಿಯ ತಪ್ಪಲ್ಲ, ಎರಡು ಭಾಷೆಯ ಗೊಂದಲವೂ ಅಲ್ಲ, ಇದಕ್ಕೆ ಆಟಿಝಮ್ ಎನ್ನುತ್ತಾರೆ ಎಂದರು. ಲಕ್ಕವ್ವನ ಕಿವಿಗೆ ಬಿದ್ದದ್ದು ಅರ್ಧ ಶಬ್ದ. "ಡಾಕ್ಟರಬಾಯಿ ಆಟ ಅಂದಾಳ. ಆಟ ಆದ್ರ ಆಡೂಣು, ಅದಕ್ಯಾಕ ಮಾರಿ ಸಣ್ಣ ಮಾಡ್ತಿ ಬೇ" ಎಂದು ಸೊಸೆಯನ್ನು ಗದರಿ, ಮುಚ್ಚಳದ ಸಾಲಿನ ಕೊನೆಗೆ ಹೋಗಿ ಕೂತು ತಾನೂ ಒಂದು ಮುಚ್ಚಳ ಇಟ್ಟಳು. ತಮ್ಮ ಮಾಲಕ ಬಾಬಾಸಾಹೇಬರು ಮಿಲಿಟರಿಯಲ್ಲಿದ್ದು ಹಿಂದಿ ಕಲಿತವರಾದ್ದರಿಂದ ಅದನ್ನು 'ಆಟಾ' ಎಂದು ಕೇಳಿಸಿಕೊಂಡು, "ಹಿಟ್ಟಿನ ಔಷಧಾ ನಮ್ಮಲ್ಲೇ ಐತಲ್ರಿ" ಎನ್ನುತ್ತ ಕೂಸಿಗೆ ಬೆಚ್ಚನೆಯ ಹಿಟ್ಟಿನಲ್ಲಿ ಕೈಯಾಡಿಸಲು ಬಿಟ್ಟರು. ಡಾಕ್ಟರು ಹೇಳಬೇಕೆಂದಿದ್ದ ಉಪಾಯಗಳೂ ಹೆಚ್ಚುಕಡಿಮೆ ಇವೇ ಎಂದು ನಮಗೆ ತಿಳಿದದ್ದು ಎರಡನೇ ಸಲ ಹೋದಾಗ. ಅಷ್ಟರಲ್ಲಿ ಅಕ್ಕು ತಾನಾಗಿ ಒಂದು ಮುಚ್ಚಳವನ್ನು ಅಜ್ಜಿಯ ಕೈಗಿಟ್ಟಿದ್ದಳು.

ಈಗ ಬಾಲವಾಡಿಯ ಭೀಮಾಬಾಯಿಯವರು, "ಕರದ್ರ ನೋಡೂದಿಲ್ಲ, ಪ್ರಾರ್ಥನಾಕ ಕಿವಿ ಮುಚ್ಚಿ ಚೀರತಾಳ, ನಾಳಿಂದ ಕಳಸಬ್ಯಾಡ್ರಿ" ಎಂದಿದ್ದಾರೆ. ಆದ್ದರಿಂದ ತಾವು ದಯಮಾಡಿ ಎರಡು ದಿನ ರಜೆ ಹಾಕಿ, ಬಾಲವಾಡಿಗೆ ಬಂದು ಪಾಠ ಮಾಡುವ ಕ್ರಮ ತೋರಿಸಿಕೊಡಬೇಕು. ತಾವು ದಿನವೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತೀರಿ, ಶುರುಮಾಡುವ ಮೊದಲು ಗಾಲಿಯ ಪಟ್ಟೆ ಕಿರುಗುಟ್ಟಿಸಿ ಸೂಚನೆ ಕೊಡುತ್ತೀರಿ, ಗಲ್ಲ ಹಿಂಡುವುದಿಲ್ಲ, ನನ್ನ ಕಡೆ ನೋಡು ಎಂದು ಗದ್ದ ಎತ್ತುವುದಿಲ್ಲ. ಇಷ್ಟು ತಿಳಿವಳಿಕೆಯವರು ನಮ್ಮ ಬೀಗರಲ್ಲಿ ಒಬ್ಬರೂ ಇಲ್ಲ. ಬರಲಾಗದಿದ್ದರೆ ಬೀಗರನ್ನೇ ಸರದಿಯಲ್ಲಿ ಕಳಿಸುತ್ತೇವೆ, ಸ್ವಲ್ಪ ನುಣ್ಣಗೆ ಬೀಸಿಕೊಡಿ.

ತಮ್ಮ ವಿಶ್ವಾಸಿ,
ಧೂಳಪ್ಪ

ತಾ.ಕ.: ಪತ್ರ ಮಡಚುವುದರೊಳಗೆ ಬೆಳಗಾಗಿ, ತಮಗೆ ತೊಂದರೆ ಕೊಡುವ ಕಾರಣ ಉಳಿಯಲಿಲ್ಲ. ನಿನ್ನೆ ಆ ಸರದಿಯಲ್ಲಿ ನಾಲ್ಕನೆಯ ಡಬ್ಬಿ ಭೀಮಾಬಾಯಿಯವರದೇ ಆಗಿತ್ತು. ಎಲ್ಲ ಕೇಳಿ, ಡಬ್ಬಿಯನ್ನು ಸರದಿಯಲ್ಲೇ ಬಿಟ್ಟು ಎದ್ದುಹೋಗಿದ್ದರು. ಇಂದು ಮುಂಜಾನೆ ಕಟ್ಟೆಯ ಹೆಂಗಸರೆಲ್ಲ ತುಳಸವ್ವನ ಬೆನ್ನಿಗೆ ಬಾಲವಾಡಿಗೆ ಹೋದರೆ, ಅವರು ಪ್ರಾರ್ಥನೆಯನ್ನು ಅಂಗಳದಲ್ಲೇ ಮುಗಿಸಿ, ಕಿಟಕಿಯ ಬದಿಗೆ ಗೋಣಿತಟ್ಟು ಹಾಸಿ, ಯಾರ ಹೆಸರನ್ನೂ ಕರೆಯದೆ ನೆಲದ ಮೇಲೆ ಕೂತಿದ್ದರು. ಅಕ್ಕು ಒಳಗೆ ಹೋಗಿ ಪಕ್ಕದಲ್ಲಿ ಕೂತಳು. ಹತ್ತು ಗಂಟೆಗೆ ತಾವು ಅಷ್ಟು ಕೂಗಿದರೂ ಎದ್ದುಬರಲಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಕೂಗಿದರೂ ಬಾರದಿದ್ದಾಗ ನಮಗೂ ಮೊದಲೊಂದು ವರ್ಷ ಹಾಗೇ ಅನ್ನಿಸಿತ್ತು.